ವೈರಸ್ ತಳಿ ಬೇರೆಯಾದರೆ ಮೆದುಳು ಜ್ವರದ ಲಸಿಕೆ ಕೆಲಸ ಮಾಡುತ್ತಾ?

ಶಿರಸಿಯ ಅಮ್ಮ: ಮಗಳಿಗೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕಿಸಿದ್ದೇವೆ. ಅದು ಚೀನಾದ ತಳಿಯಿಂದ ಮಾಡಿದ್ದಂತೆ. ಇಲ್ಲಿನ ವೈರಸ್ ಬೇರೆ ಇದ್ದರೆ? ಮನೆ ಎದುರೇ ಗದ್ದೆ, ನಾಟಿ ಮುಗಿದು ನೀರು ನಿಂತಿದೆ, ಈ ವೈರಸ್ ಇಟ್ಟುಕೊಳ್ಳೋ ಬೆಳ್ಳಕ್ಕಿಗಳೂ ಜಾಸ್ತಿ, ಸಂಜೆಯಾದರೆ ಅದನ್ನು ಹರಡೋ ಸೊಳ್ಳೆ ಕಾಟ ತಡೆಯೋಕಾಗಲ್ಲ.

ಕಾರವಾರ ಲ್ಯಾಬ್: ಗಾಬರಿ ಬೇಡ. ಈ ವೈರಸ್‌ಗೆ 5 ಜೀನೋಟೈಪ್ (ಜೀನ್‌ ಆಧಾರದ ಗುಂಪು) ಇದ್ದರೂ ಸೀರೋಟೈಪ್, ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತಿಸೋ ಬಗೆ, ಒಂದೇ. ಡೆಂಗಿಗೆ 4 ಸೀರೋಟೈಪ್ ಇವೆ, ಅದಕ್ಕೇ ಅದರ ಲಸಿಕೆ ಅಷ್ಟು ಕಷ್ಟ. ಮೆದುಳು ಜ್ವರದ ತಳಿಗಳ ನಡುವೆ ಲಸಿಕೆಗೆ ಮುಖ್ಯವಾದ ವ್ಯತ್ಯಾಸ ಹೊರಕವಚದ ಇ ಪ್ರೋಟೀನ್‌ನಲ್ಲಿ. ಅಲ್ಲಿ ಕೆಲವು ಅಮೈನೋ ಆಮ್ಲ ಬದಲಾದರೆ ಪ್ರತಿಕಾಯ (ವೈರಸ್‌ಗೆ ಅಂಟಿ ತಡೆಯೋ ಆ್ಯಂಟಿಬಾಡಿ) ಸ್ವಲ್ಪ ಸಡಿಲವಾಗಿ ಅಂಟುತ್ತೆ, ಅಷ್ಟೇ. ನೀವು ಹೇಳಿದ ಚೀನಾ ತಳಿಯ ಎಸ್‌ಎ 14-14-2 ಲಸಿಕೆ ಜೀನೋಟೈಪ್ 3ರದ್ದು. ಜೀನೋಟೈಪ್ 1ಕ್ಕೂ ರಕ್ಷಣೆ ಕೊಡುತ್ತೆ. 5ರ ವಿರುದ್ಧ ಮಾತ್ರ ಪ್ರತಿಕಾಯ ಕಡಿಮೆ ಕಾಣಿಸುತ್ತೆ.

ಕುಮಟಾದವ: ನಮ್ಮದೇ ತಳಿಯ ಲಸಿಕೆಯೂ ಇದೆ ಅಲ್ವಾ? ಜೆನ್‌ವ್ಯಾಕ್ ಮಾಡಿದ್ದು ಕೋಲಾರದ ರೋಗಿಯಿಂದ ಬೇರ್ಪಡಿಸಿದ ವೈರಸ್‌ನಿಂದ. ಅದೂ ಜೀನೋಟೈಪ್ 3.

ಸಿದ್ದಾಪುರ: ಒಂದು ಮಾತು. ಮೆದುಳು ಜ್ವರದ ಲಸಿಕೆ ಮಂಗನ ಕಾಯಿಲೆಗೆ ರಕ್ಷಣೆ ಕೊಡಲ್ಲ. ಅದು ಉಣ್ಣೆ ಹುಳ ಕಚ್ಚಿ ಬರೋದು, ವೈರಸ್ಸೇ ಬೇರೆ. ಎರಡೂ ಒಂದೇ ಕುಟುಂಬದವು ನಿಜ, ಆದರೂ ಕಾಡಿಗೆ ಹೋಗುವವರು ದಯವಿಟ್ಟು ಲಸಿಕೆ ಆಗಿದೆ ಅಂತ ಸುಮ್ನೆ ಇರಬೇಡಿ.