ಅಜ್ಜಾರ ಪ್ಲೇಟಿಗೆ ಒಂದು, ತಮ್ಮನ ಡಿಜೆಗೆ ಇನ್ನೊಂದು

ಕಾಕಾ, ನಮಸ್ಕಾರ್ರಿ. ಟೈಪ್ ಮಾಡ್ಕೋತ ಕುಂತ್ರ ಮುಗಿಯೂದಿಲ್ಲ, ಅದಕ್ಕ ಮಾತಾಡೇ ಕಳಸಾಕತ್ತೀನಿ. ಉದ್ದ ಆದ್ರ ಬೈಬ್ಯಾಡ್ರಿ. ಧಾರವಾಡದ ಮನಿ ಅಟ್ಟದ ಮ್ಯಾಲ ಸಿಕ್ಕ ಅಜ್ಜಾರ ಪ್ಲೇಟ್, ಅಂದ್ರ ಗ್ರಾಮಫೋನ್ ರೆಕಾರ್ಡ್, ಕೇಳಾಕ ಯಾವ ಟರ್ನ್‌ಟೇಬಲ್ (ಪ್ಲೇಟ್ ತಿರುಗಿಸೋ ಮಷೀನು) ತಗೋಬೇಕು, ಅದರ ಮ್ಯಾಲೇ ತಮ್ಮ ಡಿಜೆ ಕಲೀಬಹುದೇನು, ಆನ್‌ಲೈನ್‌ದಾಗ ಸೋವಿ ಕಾಣೋ, ಪೆಟ್ಟಿಗಿಯಂಗ ಮುಚ್ಚೋ ಸೂಟ್‌ಕೇಸ್ ಪ್ಲೇಯರ್ ನಡೀತೈತೇನು ಅಂತ ಕೇಳೀರಿ. ಅಕ್ಕಾರು ಬ್ಯಾರೆ ಅಮೆರಿಕಾದಿಂದ ಒಂದು ತರ್ತೀನಿ ಅಂದಾರ.

ಮಷೀನಿನ ಮಾತು ಆಮ್ಯಾಲ. ಮೊದಲ ಟ್ರಂಕ್ ಕೆಳಗ ಇಳಿಸಿ ಪ್ಲೇಟ್ ಬ್ಯಾರೆ ಬ್ಯಾರೆ ಮಾಡ್ರಿ. ಕೈಯಾಗ ಹಿಡದ್ರ ವಜ್ಜಿ, ಹೆಚ್ಚಾಗಿ 10 ಇಂಚು, ಮಗ್ಗಲಿಗೆ ಸುಮಾರು 3 ನಿಮಿಷದ ಹಾಡು ಇದ್ರ ಅವು 78, ಅಂದ್ರ ನಿಮಿಷಕ್ಕ 78 ಸುತ್ತು ತಿರುಗೋವು. ಅರಗಿನವು ಅವು, ಕೈ ಜಾರಿದ್ರ ಹಂಚಿನಂಗ ಒಡೀತಾವ. ಸ್ವಲ್ಪ ಬಾಗೋ 12 ಇಂಚಿನವು ಎಲ್‌ಪಿ, 33⅓ ಸ್ಪೀಡಿನವು. 7 ಇಂಚಿನವು ಹೆಚ್ಚಾಗಿ 45. ಲೇಬಲ್ ಮ್ಯಾಲೂ ಬರದಿರತೈತಿ. ನಮ್ಮ ಕಡೆ ಮನ್ಯಾಗ 78 ಸಿಗೂದು ಆಶ್ಚರ್ಯ ಅಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಇಬ್ಬರೂ 1930ರ ದಶಕದಾಗ 78ಕ್ಕ ಹಾಡ್ಯಾರ. ರೋಣದ ಭೀಮಸೇನ ಜೋಶಿಯವರ ಮೊದಮೊದಲಿನ ರೆಕಾರ್ಡೂ 78ರವ.

ನೀವು ಏನ ತಗೋಬೇಕು ಅನ್ನೂದನ್ನ ಈ 78ನ ಠರಾಯಿಸತಾವ. ಈಗಿನ ಎಷ್ಟೋ ಮಷೀನಿನ್ಯಾಗ ಆ ಸ್ಪೀಡ್ ಇರೂದಿಲ್ಲ. ಸ್ಪೀಡ್ ಇದ್ರೂ ಸೂಜಿ ಬ್ಯಾರೆ ಬೇಕು. 78ರ ಗೆರಿ ಅಗಲ, ಅದಕ್ಕ ತುದಿ ಸುಮಾರು 3 ಮಿಲ್ ಇರೋ ಸೂಜಿ ಬೇಕು, ಅಂದ್ರ ಇಂಚಿನ ಸಾವಿರದಾಗ 3 ಪಾಲು. ಎಲ್‌ಪಿ ಸೂಜಿ ಸುಮಾರು 0.7 ಮಿಲ್. ಆ ಸಣ್ಣ ಸೂಜಿ 78ರ ಗೆರಿ ತಳಕ್ಕ ಹೋಗಿ ಕುಂದ್ರತೈತಿ, ಅಲ್ಲಿರೋ ಹಳೇ ಧೂಳು ಕೆರಕೋತ ಹೊಕ್ಕೈತಿ. ಹಾಡಿಗಿಂತ ಕರಕರಾನ ಜಾಸ್ತಿ ಕೇಳತೈತಿ, ಸೂಜಿನೂ ಲಗೂನ ಸವೀತೈತಿ. ಮನ್ಯಾಗ ಕೀಲಿ ಕೊಡೋ ಹಳೇ ಗ್ರಾಮಫೋನ್ ಇದ್ರ ಅದರ ಮ್ಯಾಲ ಎಲ್‌ಪಿ ಮಾತ್ರ ಹಚ್ಚಬ್ಯಾಡ್ರಿ. ಉಕ್ಕಿನ ಸೂಜಿ, 100 ಗ್ರಾಮ್ ಮ್ಯಾಲ ಭಾರ, ಒಂದ ಸಲಕ್ಕ ಗೆರಿ ಹರದ ಹೊಕ್ಕೈತಿ.

ಸೂಟ್‌ಕೇಸ್ ಪ್ಲೇಯರ್ ಬ್ಯಾಡ್ರಿ. ಒಂದ ಸಲಾ ಹಚ್ಚಿದ್ರ ಪ್ಲೇಟ್ ಹಾಳು ಅಂತ ಹೆದರಸೋ ಮಂದಿ ಅದಾರ, ಅಷ್ಟೇನಿಲ್ಲ. ಆದ್ರ ಅದರಾಗಿರೂದು ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂಡ್ರೋ, ಅದರ ನಡುಕಾನ ಸಿಗ್ನಲ್ ಮಾಡೋ ತುಣುಕು), ಸುಮಾರು 5 ಗ್ರಾಮ್ ಭಾರ ಹಾಕಿ ಗೆರ್‍ಯಾಗ ಕುಂದ್ರತೈತಿ. ಸೂಜಿ ಹಿಡದಿರೋ ತೋಳಿನ ಹಿಂದ ತೂಕದ ಗುಂಡು ಇಲ್ಲ, ಹಂಗಾಗಿ ಭಾರ ಕಡಿಮಿ ಮಾಡಾಕ ದಾರಿನ ಇಲ್ಲ. ಸ್ಪೀಕರೂ ಅದೇ ಪೆಟ್ಟಿಗ್ಯಾಗ. ಡಗ್ಗಾ ಜೋರ ಬಂದ್ರ ಆ ನಡುಕ ಸೂಜಿಗೆ ಹತ್ತಿ ಹಾಡು ಹಾರತೈತಿ. ಗುಂಡಿ ಮ್ಯಾಲ 78 ಅಂತ ಇದ್ರೂ ಸೂಜಿ ಹೆಚ್ಚಾಗಿ ಎಲ್‌ಪಿದ ಇರತೈತಿ.

ಟ್ರಂಕಿನ್ಯಾಗ ಬರೇ ಎಲ್‌ಪಿ, 45 ಅಷ್ಟ ಸಿಕ್ರ ಆಡಿಯೋ-ಟೆಕ್ನಿಕಾ ಕಂಪನಿಯ ಎಲ್‌ಪಿ60ಎಕ್ಸ್ ಮಷೀನು ಸಾಕು. ಬೆಲ್ಟ್ ಮಷೀನು, ಪೂರಾ ಆಟೋಮ್ಯಾಟಿಕ್. ಗುಂಡಿ ಒತ್ತಿದ್ರ ತೋಳು ತಾನ ಹೋಗಿ ಕುಂದ್ರತೈತಿ, ಮುಗದ ಮ್ಯಾಲ ತಾನ ವಾಪಸ್ ಬರತೈತಿ. ಕಾಕು ಒಬ್ಬರ ಇದ್ದಾಗೂ ಹಚ್ಚಿ ಕೇಳಬಹುದು, ಕೈ ನಡುಗಿ ಗೀರು ಬೀಳೋ ಅಂಜಿಕಿ ಇಲ್ಲ. ಸೂಜಿ ಅಷ್ಟ ಬದಲಿ ಮಾಡಬಹುದು, ಕಾರ್ಟ್ರಿಜ್ ಆಗೂದಿಲ್ಲ. ಡಬ್ಬಿ ಬಿಚ್ಚಿದ ಕೂಡಲೆ "ತಿರುಗವಲ್ದು, ಕೆಟ್ಟದ್ದು ಕೊಟ್ಟಾರ" ಅನ್ನಬ್ಯಾಡ್ರಿ. ಪ್ಲ್ಯಾಟರ್‌ನ (ಪ್ಲೇಟ್ ಇಡೋ, ತಿರುಗೋ ತಟ್ಟಿ) ಕಿಂಡ್ಯಾಗಿಂದ ಬೆಲ್ಟ್ ಎಳದು ಮೋಟರಿನ ಹಿತ್ತಾಳಿ ಪುಲ್ಲಿಗೆ ನಾವ ಸಿಗಿಸಬೇಕು, ಮಂದಿ ಅದನ್ನ ಮರೀತಾರ.

78 ಇದ್ರ ಅದೇ ಕಂಪನಿಯ ಎಲ್‌ಪಿ120ಎಕ್ಸ್. ಮೊದಲಿನದಕ್ಕಿಂತ ಭಾಳ ಜಾಸ್ತಿ ರೊಕ್ಕ ಬೀಳತೈತಿ ಖರೆ, ಆದ್ರ ನಿಮ್ಮ ಮನಿಗೆ ಇದ ಸರಿ. ಡೈರೆಕ್ಟ್ ಡ್ರೈವ್, ಅಂದ್ರ ಮೋಟರ್ ನೆಟ್ಟಗ ಪ್ಲ್ಯಾಟರ್ ತಿರುಗಿಸತೈತಿ, ಬೆಲ್ಟಿನ ಕಾಟ ಇಲ್ಲ. 33, 45ರ ಗುಂಡಿ ಎರಡೂ ಕೂಡೇ ಒತ್ತಿದ್ರ 78 ಸ್ಪೀಡ್ ಬರತೈತಿ. ಜೋಡಿ ಬರೋ ವಿಎಂ95ಇ ಕಾರ್ಟ್ರಿಜಿನ ಹಸರ ಸೂಜಿ ಎಲ್‌ಪಿಗೆ. ಅದನ್ನ ಮುಂದಕ್ಕ ಎಳದು ತಗದು, 78ಕ್ಕ ವಿಎಂಎನ್95ಎಸ್‌ಪಿ ಅನ್ನೋ ಸೂಜಿ ಹಾಕ್ರಿ. ಕಾರ್ಟ್ರಿಜ್ ಅದ ಇರತೈತಿ, ಸೂಜಿ ಅಷ್ಟ ಬದಲಿ.

ಇದನ್ನ ಕೂಡ್ರಸೂದರಾಗ ಮಂದಿ ಎಡವತಾರ, ಅದಕ್ಕ ಲಕ್ಷ್ಯ ಕೊಟ್ಟು ಕೇಳ್ರಿ. ಪ್ಲ್ಯಾಟರ್, ಮ್ಯಾಟ್ ಹಾಕಿ, ಹೆಡ್‌ಶೆಲ್ (ಕಾರ್ಟ್ರಿಜ್ ಇರೋ ತಲಿ) ತೋಳಿಗೆ ಸಿಗಿಸಿ ಕಾಲರ್ ಬಿಗಿ ಮಾಡ್ರಿ. ಹಿಂದ ತೂಕದ ಗುಂಡು ಏರಸ್ರಿ. ಆ್ಯಂಟಿ-ಸ್ಕೇಟ್, ಅಂದ್ರ ತೋಳು ಒಳಗ ಜಗ್ಗದಂಗ ತಡಿಯೋ ಗುಂಡಿ, ಸೊನ್ನೆಗೆ ಇಡ್ರಿ, ಸೂಜಿ ಮುಚ್ಚಳ ತಗೀರಿ. ತೋಳಿನ ಲಿವರ್ ಕೆಳಗ ಮಾಡಿ, ತೋಳು ಪ್ಲ್ಯಾಟರಿನ ಹೊರಗ ಹಿಡದು, ಗುಂಡು ಹಿಂದ ಮುಂದ ತಿರುವ್ರಿ. ಕೈ ಬಿಟ್ರ ತೋಳು ಮ್ಯಾಲೂ ಏಳಬಾರದು, ಕೆಳಗೂ ಬೀಳಬಾರದು, ಗಾಳ್ಯಾಗ ಸಮ ನಿಂದ್ರಬೇಕು. ಈಗ ತೋಳು ಸ್ಟ್ಯಾಂಡಿಗೆ ಹಾಕಿ, ಗುಂಡು ಅಲುಗದಂಗ ಹಿಡದು, ಮುಂದಿನ ಅಂಕಿ ರಿಂಗ್ ಅಷ್ಟ ಸೊನ್ನೆಗೆ ತರ್‍ರಿ. ಆಮ್ಯಾಲ ಗುಂಡು, ರಿಂಗ್ ಎರಡೂ ಕೂಡೇ 2ರ ಮಟಾ ತಿರುವ್ರಿ, ಆ್ಯಂಟಿ-ಸ್ಕೇಟೂ 2ಕ್ಕ ಇಡ್ರಿ. ಭಾಳ ಮಂದಿ ಕಡೀಕ ಬರೇ ರಿಂಗ್ ತಿರುವಿ 2 ಗ್ರಾಮ್ ಆತು ಅಂತ ತಿಳಕೋತಾರ. ಭಾರ ಸೊನ್ನೇನ ಉಳದಿರತೈತಿ, ಸೂಜಿ ಪ್ಲೇಟ್ ಮ್ಯಾಲ ಜಾರಿ ಹೊಕ್ಕೈತಿ. ಇನ್ನ ಕೆಲವರು ಪ್ಲೇಟ್ ಸವೀಬಾರದು ಅಂತ 1 ಗ್ರಾಮ್‌ಗೆ ಇಳಸತಾರ. ಅದು ಉಲ್ಟಾ. ಭಾರ ಕಮ್ಮಿ ಆದ್ರ ಸೂಜಿ ಗೆರ್‍ಯಾಗ ಕುಣದು ಗ್ವಾಡಿ ಕೆತ್ತತೈತಿ. ಈ ಕಾರ್ಟ್ರಿಜಿಗೆ ಕಂಪನಿ ಹೇಳೂದ 1.8ರಿಂದ 2.2. 78ರ ಸೂಜಿಗೆ 5 ಗ್ರಾಮ್ ಬೇಕು, ಅದನ್ನ ಅಂದಾಜಿನ ಮ್ಯಾಲ ಇಡಬ್ಯಾಡ್ರಿ. ಸೂಜಿ ಭಾರ ತೂಗೋ ಸಣ್ಣ ಡಿಜಿಟಲ್ ಕಾಟಾ ಸಿಗತೈತಿ, ಒಂದು ತರಸ್ರಿ.

ಇನ್ನ ವೈರಿನ ಮಾತು. ಸೂಜಿಯಿಂದ ಬರೋ ಸಿಗ್ನಲ್ ಬರೇ ಕೆಲವು ಮಿಲಿವೋಲ್ಟ್. ಪ್ಲೇಟ್ ಕೆತ್ತೋವಾಗ ಬೇಸ್ ಇಳಿಸಿ, ಟ್ರೆಬಲ್ ಏರಿಸಿ ಕೆತ್ತಿರತಾರ. ಅದನ್ನ ಸರಿ ಮಾಡಿ ದೊಡ್ಡದು ಮಾಡಾಕ ಫೋನೋ ಪ್ರೀ-ಆ್ಯಂಪ್ ಬೇಕು. ಈ ಎರಡೂ ಮಷೀನಿನ್ಯಾಗ ಅದು ಒಳಗ ಐತಿ, ಫೋನೋ–ಲೈನ್ ಅಂತ ಸ್ವಿಚ್ ಇರತೈತಿ. ನಿಮ್ಮ ಆ್ಯಂಪ್ಲಿಫೈಯರಿನ ಹಿಂದ ಫೋನೋ ಅಂತ ಬರದ ತೂತು ಇದ್ರ ಅದಕ್ಕ ಹಾಕಿ ಸ್ವಿಚ್ ಫೋನೋಕ್ಕ ಇಡ್ರಿ. ಬರೇ ಆಕ್ಸ್ ಅನ್ನೋ ಸಾದಾ ತೂತು ಇದ್ರ ಸ್ವಿಚ್ ಲೈನ್‌ಕ್ಕ. ಲೈನ್ ಇಟ್ಟು ಫೋನೋ ತೂತಿಗೆ ಹಾಕಿದ್ರ ದನಿ ಒಡದು ಬರತೈತಿ. ಫೋನೋ ಇಟ್ಟು ಆಕ್ಸಿಗೆ ಹಾಕಿದ್ರ ಸಣ್ಣ, ಬೇಸ್ ಇಲ್ಲದ ದನಿ. ಗುಂಯ್ ಅಂತ ಹತ್ತಿದ್ರ ಮೊದಲ ಗ್ರೌಂಡ್ ವೈರ್ ನೋಡ್ರಿ, ಆಮ್ಯಾಲ ಹಳೇ ಮನಿ ಅಂದ್ರ ಪ್ಲಗ್ಗಿನ ಅರ್ತಿಂಗ್. 78 ಕೇಳೋವಾಗ ಆ್ಯಂಪಿನ್ಯಾಗ ಮೋನೋ ಗುಂಡಿ ಇದ್ರ ಒತ್ತರಿ, ಕರಕರಾ ಎಷ್ಟೋ ಇಳೀತೈತಿ.

ಇಡೋ ಜಾಗ ಮಟ್ಟಸ ಇರಬೇಕು. ನಿಮ್ಮ ಮಾಳಗಿ ಮನ್ಯಾಗ ಮ್ಯಾಲಿನ ಹಲಗಿ ನೆಲಾ ಬ್ಯಾಡ, ಯಾರ ನಡದ್ರೂ ಸೂಜಿ ಹಾರತೈತಿ. ಕೆಳಗ ಫರಸಿ ನೆಲದ ಮ್ಯಾಲ ಗಟ್ಟಿ ಟೇಬಲ್ ಹಾಕಿ, ಮ್ಯಾಲ ರಬ್ಬರ್ ಶೀಟು, ಅದರ ಮ್ಯಾಲ ಒಂದು ಕಡಪಾ ಕಲ್ಲಿನ ತುಂಡು ಇಟ್ರ ಮುಗೀತು. ಸ್ಪೀಕರ್ ಮಾತ್ರ ಅದೇ ಟೇಬಲ್ ಮ್ಯಾಲ ಬ್ಯಾಡ.

ಇನ್ನ ತಮ್ಮಾ, ನೀನೂ ಕೇಳು. ಗಣಪತಿ ಮೆರವಣಿಗಿ, ಮದವಿ ಡಿಜೆ ಅಷ್ಟ ಮಾಡಾವ ಇದ್ರ ಟರ್ನ್‌ಟೇಬಲ್ ಯಾಕ ಬೇಕಪ್ಪಾ? ಟ್ರ್ಯಾಕ್ಟರ್ ಮ್ಯಾಲ ಆ ಬೇಸಿನ್ಯಾಗ ಸೂಜಿ ನಿಂದ್ರೂದ ಇಲ್ಲ. ಲ್ಯಾಪ್‌ಟಾಪಿಗೆ ಹಚ್ಚೋ ಡಿಜೆ ಕಂಟ್ರೋಲರ್ ಒಂದು ತಗೋ, ಲ್ಯಾಪ್‌ಟಾಪ್ ಐತಿ, ಸಾಕು. ಕೈಲೆ ಪ್ಲೇಟ್ ತಿರುವಿ ಸ್ಕ್ರ್ಯಾಚ್ ಕಲೀಬೇಕು ಅನ್ನೂದ ಇದ್ರ ಅದು ಬ್ಯಾರೆ ಹಾದಿ. ಬೆಲ್ಟ್ ಮಷೀನು ಮುಟ್ಟಬ್ಯಾಡ. ಪ್ಲೇಟ್ ಹಿಡದ್ರ ಕೆಳಗಿನ ಪ್ಲ್ಯಾಟರೂ ನಿಂತಬಿಡತೈತಿ, ಬಿಟ್ಟ ಮ್ಯಾಲ ಸ್ಪೀಡಿಗೆ ಬರೂದ್ರಾಗ ಬೀಟ್ ಹೋಗಿರತೈತಿ. ಇಲ್ಲಿ ಲೆಕ್ಕಕ್ಕ ಬರೂದು ಟಾರ್ಕ್, ಅಂದ್ರ ಮೋಟರಿನ ತಿರುಗಸೋ ಜೋರು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ದಾಗ 1.5 ಕೆಜಿ-ಸೆಂಮೀ, ಪಯೋನಿಯರ್ ಪಿಎಲ್‌ಎಕ್ಸ್-500ದಾಗ 1.6, ಪಿಎಲ್‌ಎಕ್ಸ್-1000ದಾಗ 4.5. ಎಲ್‌ಪಿ120ಎಕ್ಸ್ ಇವೆಲ್ಲಕ್ಕಿಂತ ಕಮ್ಮಿ. ಅದರ ಮ್ಯಾಲ ಬೀಟ್ ಕೂಡ್ಸೂದು ಕಲೀಬಹುದು, ಸ್ಪೀಡ್ ಹೆಚ್ಚು ಕಡಿಮಿ ಮಾಡೋ ಪಿಚ್ ಸ್ಲೈಡರ್ ಐತಿ, ಸ್ಕ್ರ್ಯಾಚಿಗೆ ಒದ್ದಾಡತೈತಿ. ರೊಕ್ಕ ಕಡಿಮಿ ಇದ್ರ ನನ್ನ ವೋಟು ಪಿಎಲ್‌ಎಕ್ಸ್-500ಕ್ಕ. ನೆನಪಿರಲಿ, ಎರಡು ಬೇಕು, ನಡಕ ಎರಡರ ಹಾಡೂ ಕೂಡಿಸೋ ಮಿಕ್ಸರ್ ಬೇಕು, ಪ್ಲೇಟ್ ಜಾರಾಕ ಕೆಳಗ ಸ್ಲಿಪ್‌ಮ್ಯಾಟ್ ಬೇಕು. ಮತ್ತ ಸೂಜಿ ಡಿಜೆದ್ದ ಬೇಕು, ದುಂಡ ತುದಿದು, 3ರಿಂದ 4 ಗ್ರಾಮ್ ಭಾರದ್ದು. ಕಾಕಾರ ಮಷೀನಿನ ಹಸರ ಸೂಜಿ ತತ್ತಿ ಆಕಾರದ ತುದಿದು, ಹಿಂದ ಮುಂದ ತಿಕ್ಕಿದ್ರ ಅದೂ ಕೆಡತೈತಿ, ಪ್ಲೇಟೂ ಕೆಡತೈತಿ. ಅಜ್ಜಾರ ಪ್ಲೇಟ್ ಮ್ಯಾಲಂತೂ ಕೈ ಇಡಬ್ಯಾಡ.

ಅಕ್ಕಾರ, ನೀವು ಹೊಸಾದು ತರೂದಿದ್ರ ಅಡಾಪ್ಟರ್ ಮ್ಯಾಲ 100–240 ವೋಲ್ಟ್ ಅಂತ ಬರದೈತೇನು ನೋಡ್ರಿ, ಹಂಗ ಇದ್ರ ಅಷ್ಟ ತರ್‍ರಿ. ಅಲ್ಲಿಯ ಹಳೇ ಸೆಕೆಂಡ್‌ಹ್ಯಾಂಡ್ ಬ್ಯಾಡ. 120 ವೋಲ್ಟಿಂದು ಇಲ್ಲಿ 230ಕ್ಕ ಹಾಕಿದ್ರ ಸುಡತೈತಿ. ಟ್ರಾನ್ಸ್‌ಫಾರ್ಮರ್ ಹಚ್ಚಿದ್ರೂ, ಹಳೇ ಎಸಿ ಮೋಟರಿನ ಬೆಲ್ಟ್ ಮಷೀನು 60 ಹರ್ಟ್ಸಿಗೆ ಮಾಡಿದ್ದು, ನಮ್ಮ 50ರಾಗ 33⅓ ಹೋಗಿ ಸುಮಾರು 27.8 ಆಗತೈತಿ, ಮನ್ಸೂರರ ದನಿ ಸುಮಾರು ಮೂರು ಅರ್ಧ ಸ್ವರ ಕೆಳಗ ಇಳೀತೈತಿ. ಪ್ಯಾಕ್ ಮಾಡೋವಾಗ ಪ್ಲ್ಯಾಟರ್, ತೂಕದ ಗುಂಡು ಬಿಚ್ಚಿ ಬ್ಯಾರೆ ಸುತ್ತರಿ, ತೋಳು ಕಟ್ಟರಿ, ಸೂಜಿಗೆ ಮುಚ್ಚಳ ಹಾಕ್ರಿ.

ಕಡೀಗೆ ತೊಳಿಯೂದು, ಇದರಾಗ ಮಾತ್ರ ಅವಸರ ಬ್ಯಾಡ್ರಿ ಕಾಕಾ. ಎಲ್‌ಪಿಗೆ ಡಿಸ್ಟಿಲ್ಡ್ ವಾಟರ್, ಒಂದ ಹನಿ ಪಾತ್ರೆ ಸೋಪು, ಬೇಕಾದ್ರ ಸ್ವಲ್ಪ ಐಸೋಪ್ರೊಪೈಲ್ ಹಾಕ್ರಿ. 78ಕ್ಕ ಆ ಸ್ಪಿರಿಟ್ ಹನಿನೂ ತಾಗಬಾರದು, ಅರಗು ಕರಗಿ ಗೆರಿನ ಅಳಿಸಿ ಹೊಕ್ಕೈತಿ. ಅವಕ್ಕ ಬರೇ ನೀರು-ಸೋಪು, ನೆನಿಯಾಕ ಬಿಡದ, ಗೆರಿ ಹೋದ ಹಾದ್ಯಾಗ ಮೆತ್ತನ ಬಟ್ಟಿಲೆ ಒರಸಿ, ಕೂಡಲೆ ಒಣಗಿಸ್ರಿ. ಲೇಬಲ್ ತೊಯ್ಯಬಾರದು. ಅಟ್ಟಕ್ಕ ಮಾತ್ರ ವಾಪಸ್ ಏರಸಬ್ಯಾಡ್ರಿ, ಮಾರ್ಚ್-ಏಪ್ರಿಲ್‌ದಾಗ ತಗಡಿನ ಕೆಳಗ ಎಲ್‌ಪಿ ಸೊಟ್ಟ ಆಗತಾವ. ಕೆಳಗಿನ ಕಪಾಟಿನ್ಯಾಗ ನೆಟ್ಟಗ ನಿಂದ್ರಸಿ ಇಡ್ರಿ.

ನಾಕು ಪ್ಲೇಟಿನ ಲೇಬಲ್ ಫೋಟೋ, ನಿಮ್ಮ ಆ್ಯಂಪ್ಲಿಫೈಯರಿನ ಹಿಂಭಾಗದ ಫೋಟೋ ಈ ಗ್ರೂಪಿಗೆ ಹಾಕ್ರಿ. ನೋಡಿ, ಯಾವ ಸೂಜಿ, ಯಾವ ವೈರ್ ಅಂತ ಹೇಳತೀನಿ.