ರಟ್ಟಿನ ಮಾರುತಿ 800 ಎಡಕ್ಕೇ ಎಳೆಯುತ್ತಿದೆ, ತಲೆ ಕೆಟ್ಟುಹೋಗಿದೆ

ರಟ್ಟಿನ_ರಥ (ತುಮಕೂರು)
ಎಲ್ಲರಿಗೂ ನಮಸ್ಕಾರ. ರಟ್ಟಿನಲ್ಲಿ ಮಾರುತಿ 800 ಮಾಡಿದ್ದೇನೆ, 1:10 ಅಳತೆ. ನೋಡೋಕೆ ಚೆನ್ನಾಗಿದೆ, ಮನೆಗೆ ಬಂದವರೆಲ್ಲ ಹೊಗಳಿದ್ದಾರೆ. ಆದರೆ ನೆಲಕ್ಕೆ ಬಿಟ್ಟರೆ ಎಡಕ್ಕೇ ಹೋಗುತ್ತದೆ. ನಾಲ್ಕು ಅಡಿ ಹೋಗುವಷ್ಟರಲ್ಲಿ ದಿವಾನದ ಕೆಳಗೆ ಹೊಕ್ಕಿರುತ್ತದೆ. ಮುಂದಿನ ಚಕ್ರ ಕಿತ್ತು ಮತ್ತೆ ಕೂರಿಸಿದೆ. ಚಕ್ರ ಬದಲಾಯಿಸಿದೆ. ಸೆಲ್ ಬದಲಾಯಿಸಿದೆ. ಊಹೂಂ.

ಸೆಪ್ಟೆಂಬರ್ 15ಕ್ಕೆ, ಎಂಜಿನಿಯರ್ಸ್ ಡೇ ದಿನ, ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ. ಎರಡು ಸಾಲು ಬೆಂಚಿನ ಮಧ್ಯೆ ನೆಟ್ಟಗೆ ಓಡಿದರೆ ಸಾಕು, ಬೇರೇನೂ ಬೇಡ. ಯಾಕೆ ಹೀಗೆ? ಗೊತ್ತಿರುವವರು ಬೇಗ ಹೇಳಿ. ಫೋಟೋ ಹಾಕಿದ್ದೇನೆ.

ಮೋಟರ್_ಮಾಲೂರು
ಇದು ನೂರಕ್ಕೆ ನೂರು ಮೋಟರ್ ಸಮಸ್ಯೆ. ಆ ಹಳದಿ ಬಿಒ ಮೋಟರ್ (ಸೆಲ್ಲಲ್ಲಿ ಓಡುವ ಗೇರ್ ಮೋಟರ್) ಎರಡು ತಗೊಂಡರೆ ಎರಡೂ ಒಂದೇ ವೇಗದಲ್ಲಿ ತಿರುಗೋದೇ ಇಲ್ಲ. ಬಲಗಡೆಯದು ಜೋರು, ಎಡಗಡೆಯದು ನಿಧಾನ, ಗಾಡಿ ಎಡಕ್ಕೆ. ಎಸ್‌.ಪಿ. ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ತಗೊಂಡಿರಾ? ಅಂಗಡಿಯವರು 150 ಆರ್‌ಪಿಎಂ, 300 ಆರ್‌ಪಿಎಂ ಎರಡನ್ನೂ ಒಂದೇ ಡಬ್ಬಿಗೆ ಹಾಕಿಟ್ಟಿರುತ್ತಾರೆ. ಹೊರಗಿಂದ ಗೊತ್ತೇ ಆಗಲ್ಲ. ಎರಡನ್ನೂ ಬಿಚ್ಚಿ, ಒಂದೇ ಸೆಲ್‌ಗೆ ಹಾಕಿ, ಶಾಫ್ಟಿಗೆ ಟೇಪ್ ತುಂಡು ಅಂಟಿಸಿ ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ.

ಬೈಂಡರ್_ಶಿರಾ
ಗಾಡಿ ಚೆನ್ನಾಗಿದೆ ಸರ್. ಅಡಿಯ ರಟ್ಟು ಯಾವುದು? ಬಾಕ್ಸಿಂದ ಕತ್ತರಿಸಿದ್ದಾ, ಬೈಂಡಿಂಗ್ ರಟ್ಟಾ? ಬಾಕ್ಸಾದರೆ ಒಳಗಿನ ಅಲೆ (ಎರಡು ಕಾಗದದ ಮಧ್ಯೆ ಮಡಿಕೆ ಮಡಿಕೆಯಾಗಿರುವ ಪದರ) ಉದ್ದಕ್ಕೆ ಇದೆಯಾ, ಅಡ್ಡಕ್ಕೆ ಇದೆಯಾ?

ಸ್ಕೇಲ್_ಸರಿಯಿರಲಿ (ಗುಬ್ಬಿ)
ಫೋಟೋ ನೋಡಿದ ತಕ್ಷಣ ಕಣ್ಣಿಗೆ ಹೊಡೆದದ್ದು ಚಕ್ರ. ನಿಜವಾದ 800ರ ಟೈರು 145/70 ಆರ್12. ಲೆಕ್ಕ ಹಾಕಿ, ವ್ಯಾಸ ಸುಮಾರು 51 ಸೆಂಟಿಮೀಟರ್ ಬರುತ್ತದೆ. 1:10ಕ್ಕೆ ಐದು ಸೆಂಟಿಮೀಟರ್ ಇರಬೇಕು. ನಿಮ್ಮದು ಆರರ ಮೇಲಿದೆ. ಜೀಪಿನ ಚಕ್ರ ಹಾಕಿದ ಹಾಗಿದೆ.

ರಟ್ಟಿನ_ರಥ
@ಸ್ಕೇಲ್: ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು ಕತ್ತರಿಸಿದ್ದು. ಅದಕ್ಕೂ ಎಡಕ್ಕೆ ಎಳೆಯೋದಕ್ಕೂ ಏನು ಸಂಬಂಧ ಸ್ವಾಮಿ?
@ಮೋಟರ್: ಇರೋದೇ ಒಂದು ಮೋಟರ್.

ಮೋಟರ್_ಮಾಲೂರು
ಒಂದಾ? ಮೊದಲೇ ಹೇಳಬೇಕಲ್ವಾ! ಹಾಗಾದರೆ ಬ್ಯಾಟರಿ. 9 ವೋಲ್ಟ್ ಚೌಕದ ಬ್ಯಾಟರಿ ಹಾಕಿದ್ದೀರಿ ತಾನೇ? ಅದು ಸ್ಮೋಕ್ ಅಲಾರಂ ಥರದ್ದಕ್ಕೆ ಸರಿ, ಮೋಟರಿಗಲ್ಲ. ಮೋಟರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತೆ. ಎಲ್298ಎನ್ ಡ್ರೈವರ್ (ಮೋಟರ್ ನಿಯಂತ್ರಿಸುವ ಬೋರ್ಡು) ಬೇರೆ ಹಾಕಿದ್ದರೆ ಕಥೆ ಮುಗೀತು, ಅದೊಂದೇ ಎರಡು ವೋಲ್ಟ್ ತಿಂದು ಹಾಕುತ್ತೆ.

ರಟ್ಟಿನ_ರಥ
ಡ್ರೈವರೂ ಇಲ್ಲ, ಚೌಕದ ಬ್ಯಾಟರಿಯೂ ಇಲ್ಲ. ಎರಡು ಪೆನ್ಸಿಲ್ ಸೆಲ್, ಒಂದು ಸ್ವಿಚ್, ಆಟದ ಸಾಮಾನಿನಿಂದ ಕಿತ್ತ ಮೋಟರ್. ಹಿಂದಿನ ಆಕ್ಸಲ್ ಸೈಕಲ್ ಸ್ಪೋಕು. ಅದರ ಮೇಲೆ ರಟ್ಟಿನ ಪುಲಿ, ಮೋಟರಿಂದ ಪುಲಿಗೆ ರಬ್ಬರ್ ಬ್ಯಾಂಡ್. ಸ್ಪೋಕು ಖಾಲಿ ರೀಫಿಲ್ ಒಳಗೆ ತಿರುಗುತ್ತದೆ. ಎಲ್ಲರೂ ಮಾಡುವ ಹಾಗೇ ಮಾಡಿದ್ದೇನೆ. ಇದನ್ನೆಲ್ಲ ಬಿಡಿಸಿ ಹೇಳಬೇಕಾ?

ಸ್ಕೇಲ್_ಸರಿಯಿರಲಿ (ಗುಬ್ಬಿ)
ಒಂದು ನಿಮಿಷ. ಹಿಂದಿನ ಚಕ್ರಕ್ಕೆ ಮೋಟರಾ? 800 ಮುಂದಿನ ಚಕ್ರ ಎಳೆಯುವ ಗಾಡಿ! ಎಂಜಿನ್ನು ಮುಂದೆ, ಡ್ರೈವೂ ಮುಂದೆ. ಹಿಂದಿನ ಡ್ರೈವ್ ಬೇಕಿದ್ದರೆ ಅಂಬಾಸಿಡರ್ ಮಾಡಬೇಕಿತ್ತು.

ಚಿಂತಾಮಣಿ_ಬಸ್‌ಪ್ರಿಯ
ಹಹ್ಹ, ಮೂರು ಸಿಲಿಂಡರ್ 796 ಸಿಸಿ ಎಂಜಿನ್ನನ್ನೂ ರಟ್ಟಲ್ಲೇ ಮಾಡಿ ಅಂತೀರಾ ಸರ್? ಎಂಟನೇ ಕ್ಲಾಸ್ ಮಕ್ಕಳ ಪ್ರದರ್ಶನ ಇರಬೇಕು, ಬಿಡಿ.

ಅಣ್ಣ, ನಾನು ಹೋದ ವರ್ಷ ಸಾರಿಗೆ ಸಂಸ್ಥೆಯ ಕೆಂಪು ಬಸ್ ಮಾಡಿದ್ದೆ. ಪೂರ್ತಿ ದ್ರಾಕ್ಷಿ ಬಾಕ್ಸ್. ನಮ್ಮ ಕಡೆ ದ್ರಾಕ್ಷಿ ಸೀಸನ್ ಮುಗಿದರೆ ರಟ್ಟಿಗೆ ಬರವೇ ಇಲ್ಲ. ಹೆಡ್‌ಲೈಟಿಗೆ ಬಿಳಿ ಎಲ್‌ಇಡಿ, ಒಳಗೆ ಸೀಟು, ಕಿಟಕಿಗೆ ಪಾರದರ್ಶಕ ಓಎಚ್‌ಪಿ ಹಾಳೆ. ಬಾಗಿಲಿನ ಹತ್ತಿರ ಕಂಡಕ್ಟರ್ ಸೀಟೂ ಇದೆ. ಮೂರು ಫೋಟೋ ಹಾಕ್ತಿದ್ದೇನೆ, ನೋಡಿ.

ಕೆಜಿಎಫ್_ಬುಲ್ಡೋಜರ್
ಬಸ್ ಭರ್ಜರಿ ಬ್ರದರ್. ವೈಪರ್ ಏನಲ್ಲಿ ಮಾಡಿದಿರಿ?

ಚಿಂತಾಮಣಿ_ಬಸ್‌ಪ್ರಿಯ
ಪೊರಕೆ ಕಡ್ಡಿ, ಕಪ್ಪು ಮಾರ್ಕರ್.

ಕೆಜಿಎಫ್_ಬುಲ್ಡೋಜರ್
ಸೂಪರ್. ನಾನು ಬಿಇಎಂಎಲ್ ಬುಲ್ಡೋಜರ್ ಮಾಡುತ್ತಿದ್ದೇನೆ, ಶ್ರೀನಿವಾಸಪುರದ ಮಾವಿನಹಣ್ಣಿನ ಬಾಕ್ಸಲ್ಲಿ. ಆ ಬಾಕ್ಸು ಐದು ಪದರ, ಕಟರ್ ಬ್ಲೇಡು ಬೇಗ ಮೊಂಡಾಗುತ್ತೆ. ಆದರೆ ಟ್ರ್ಯಾಕಿಗೆ ಮೇಲಿನ ಕಾಗದ ಸುಲಿದು ಒಳಗಿನ ಅಲೆ ಹೊರಗೆ ಕಾಣುವ ಹಾಗೆ ಸುತ್ತಿದರೆ, ಥೇಟ್ ಚೈನ್ ಟ್ರ್ಯಾಕ್. ಸ್ವಲ್ಪ ಒದ್ದೆ ಬಟ್ಟೆ ಒತ್ತಿದರೆ ಕಾಗದ ತಾನಾಗೇ ಸುಲಿಯುತ್ತೆ.

ಮೋಟರ್_ಮಾಲೂರು
ಗಾಡಿ ವಿಷಯಕ್ಕೆ ಬರೋಣ. ಒಂದೇ ಮೋಟರ್, ರಬ್ಬರ್ ಬ್ಯಾಂಡ್. ಈಗ ಗೊತ್ತಾಯಿತು. ಬ್ಯಾಂಡು ಬಿಗಿ ಜಾಸ್ತಿಯಾಗಿ ಆಕ್ಸಲ್‌ನ ಒಂದು ತುದಿಯನ್ನು ಮುಂದಕ್ಕೆ ಎಳೆಯುತ್ತಿದೆ. ಪುಲಿ ಯಾವ ಕಡೆ ಇದೆ? ಎಡಗಡೆ ಇದ್ದರೆ ನಾನು ಹೇಳಿದ್ದೇ ಸರಿ. ಆಕ್ಸಲ್ ಓರೆಯಾದರೆ ಗಾಡಿ ಓರೆ.

ರಟ್ಟಿನ_ರಥ
ಪುಲಿ ಸರಿಯಾಗಿ ನಡುವೆ ಇದೆ. ಮೋಟರೂ ನಡುವೆ. ಬ್ಯಾಂಡ್ ತೆಗೆದು ಕೈಯಲ್ಲಿ ತಳ್ಳಿದರೂ ಎಡಕ್ಕೇ ಹೋಗುತ್ತದೆ.

ಮೋಟರ್_ಮಾಲೂರು
ಕೈಯಲ್ಲಿ ತಳ್ಳುವಾಗ ನೀವೇ ಎಡಕ್ಕೆ ತಳ್ಳುತ್ತಿರಬಹುದು. ಬ್ಯಾಂಡ್ ಬದಲಾಯಿಸಿ ನೋಡಿ. ಹಾಲಿನ ಪ್ಯಾಕೆಟಿಗೆ ಹಾಕುವ ಕೆಂಪು ಬ್ಯಾಂಡ್ ಬೇಡ, ಸೈಕಲ್ ಟ್ಯೂಬಿಂದ ತೆಳ್ಳಗೆ ಉಂಗುರ ಕತ್ತರಿಸಿ.

ಬೈಂಡರ್_ಶಿರಾ
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಡಿಯ ರಟ್ಟಿನ ಅಲೆ ಯಾವ ಕಡೆ? ಇನ್ನೊಂದು: ಮೊದಲಿಂದಲೂ ಹೀಗೇ ಎಳೆಯುತ್ತಿತ್ತಾ, ಈಚೆಗೆ ಶುರುವಾಯಿತಾ?

ರಟ್ಟಿನ_ರಥ
ಮೊದಲು ನೆಟ್ಟಗೇ ಹೋಗುತ್ತಿತ್ತು. ಬಾಡಿ ಕೂರಿಸುವ ಮುಂಚೆ ಹಾಲಿನ ಈ ಗೋಡೆಯಿಂದ ಆ ಗೋಡೆವರೆಗೆ ಓಡಿಸಿದ್ದೇನೆ. ಬಣ್ಣ ಹೊಡೆದ ಮೇಲೆ ಈ ತರಲೆ ಶುರು. ಬಣ್ಣದಿಂದ ಗಾಡಿ ಎಡಕ್ಕೆ ಹೋಗಲ್ಲವಲ್ಲ, ಅದಕ್ಕೇ ಹೇಳಲಿಲ್ಲ. ಅಲೆ ಗಿಲೆ ನೋಡಿಲ್ಲ ಸರ್. ಬಾಕ್ಸಿನ ಮಧ್ಯೆ ಕೈ ಹಿಡಿಯುವ ತೂತು ಇತ್ತು, ಅದನ್ನು ತಪ್ಪಿಸಿ ಸ್ವಲ್ಪ ಓರೆಯಾಗಿ ಇಟ್ಟು ಕತ್ತರಿಸಿದೆ.

ಬೈಂಡರ್_ಶಿರಾ
ಸರ್ ಅಲ್ಲ, ಮೇಡಂ 🙂 ಇರಲಿ.

ಬಣ್ಣದಿಂದ ಹೋಗುತ್ತೆ ಸರ್. ಯಾವ ಬಣ್ಣ? ಪೋಸ್ಟರ್ ಕಲರಾ? ಅಡಿಗೆ ಒಂದೇ ಮುಖಕ್ಕೆ ಹೊಡೆದಿರಾ?

ರಟ್ಟಿನ_ರಥ
ಹೌದು ಮೇಡಂ, ಪೋಸ್ಟರ್ ಕಲರ್, ಕಪ್ಪು. ಕೆಳಗಡೆ ಮಾತ್ರ. ಎರಡು ಕೋಟ್. ಮೇಲ್ಗಡೆ ಬಾಡಿ ಮುಚ್ಚಿಕೊಳ್ಳುತ್ತದೆ, ಅಲ್ಲಿ ಯಾಕೆ ಅಂತ ಬಿಟ್ಟೆ.

ಬೈಂಡರ್_ಶಿರಾ
ಸಿಕ್ಕಿತು ಬಿಡಿ.

ಕಾಗದಕ್ಕೆ ನೀರು ತಾಗಿದರೆ ಅದರ ನಾರು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಒಂದೇ ಮುಖ ಒದ್ದೆಯಾಗಿ ಒಣಗಿದರೆ ಆ ಮುಖ ಎಳೆದುಕೊಂಡು ರಟ್ಟು ಆ ಕಡೆಗೆ ಬಾಗುತ್ತದೆ, ಬಿಸಿಲಲ್ಲಿ ಒಣಹಾಕಿದ ಹಪ್ಪಳ ಸೊಟ್ಟಗಾಗುವ ಹಾಗೆ. ನಾವು ಪುಸ್ತಕದ ರಟ್ಟಿಗೆ ಹೊರಗೆ ಕಾಗದ ಅಂಟಿಸಿದರೆ ಒಳಗೂ ಒಂದು ಹಾಳೆ ಅಂಟಿಸುತ್ತೇವಲ್ಲ, ಅದು ಚೆಂದಕ್ಕೆ ಮಾತ್ರ ಅಲ್ಲ. ಎರಡೂ ಕಡೆ ಸಮ ಎಳೆತ ಇರಲಿ ಅಂತ.

ನಿಮ್ಮ ರಟ್ಟಿನಲ್ಲಿ ಇನ್ನೊಂದು ತೊಡಕಿದೆ. ಬಾಕ್ಸಿನ ರಟ್ಟು ಅಲೆಯ ಗುಂಟ ಸುಲಭವಾಗಿ ಬಾಗುತ್ತದೆ, ಅಲೆಗೆ ಅಡ್ಡ ಬಾಗಲ್ಲ. ಅಲೆ ಗಾಡಿಗೆ ನೇರವಾಗಿದ್ದಿದ್ದರೆ ಅಡಿ ಬರೀ ಡೊಂಕಾಗುತ್ತಿತ್ತು, ನಾಲ್ಕೂ ಚಕ್ರ ಹೇಗೋ ನೆಲಕ್ಕೆ ತಾಗುತ್ತಿದ್ದವು. ನೀವು ಓರೆಯಾಗಿ ಕತ್ತರಿಸಿದ್ದರಿಂದ ಅಡಿ ಮೂಲೆಯಿಂದ ಮೂಲೆಗೆ ತಿರುಚಿಕೊಂಡಿದೆ. ಒಂದು ಹಿಂದಿನ ಚಕ್ರ ನೆಲಕ್ಕೆ ತಾಗಿಯೂ ತಾಗದ ಹಾಗಿರಬೇಕು.

ಪರೀಕ್ಷೆ ಸುಲಭ. ಟೀಪಾಯಿ ಗಾಜಿನ ಮೇಲೆ ಗಾಡಿ ಇಡಿ. ಗಾಜು ಯಾಕೆಂದರೆ ನಮ್ಮ ನೆಲ ಯಾವುದೂ ಪೂರ್ತಿ ಸಮ ಇರಲ್ಲ. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲ ಪಟ್ಟಿ ಕತ್ತರಿಸಿ ಒಂದೊಂದೇ ಚಕ್ರದ ಕೆಳಗೆ ತೂರಿಸಿ ಎಳೆಯಿರಿ. ಎಲ್ಲಿ ಹಿಡಿದುಕೊಳ್ಳುತ್ತದೆ, ಎಲ್ಲಿ ಸಲೀಸಾಗಿ ಬರುತ್ತದೆ ನೋಡಿ ಹೇಳಿ.

ಸ್ಕೇಲ್_ಸರಿಯಿರಲಿ (ಗುಬ್ಬಿ)
ಇದಕ್ಕೇ ನಾನು ಬಾಕ್ಸ್ ರಟ್ಟು ಮುಟ್ಟೋದೇ ಇಲ್ಲ. ಬೈಂಡಿಂಗ್ ರಟ್ಟು, ಸ್ಟೀಲ್ ಸ್ಕೇಲು, ಹೊಸ ಬ್ಲೇಡು. ಇನ್ನೊಂದು ಮಾತು: 1983ರಲ್ಲಿ ಬಂದ ಮೊದಲ 800 ಬೇರೆ, 1986ರಲ್ಲಿ ಬಂದ ಹೊಸ ಆಕಾರ ಬೇರೆ. ಫೋಟೋದಲ್ಲಿ ಬಾನೆಟ್ ಒಂದರದ್ದು, ಹಿಂಭಾಗ ಇನ್ನೊಂದರದ್ದು.

ಕೆಜಿಎಫ್_ಬುಲ್ಡೋಜರ್
ಬೈಂಡಿಂಗ್ ರಟ್ಟು ತೂಕ ಜಾಸ್ತಿ ಸರ್. ಆಟದ ಮೋಟರ್ ಎಳೆಯಲ್ಲ.

ಸ್ಕೇಲ್_ಸರಿಯಿರಲಿ (ಗುಬ್ಬಿ)
ಯಾರು ಹೇಳಿದ್ದು? ತೆಳು ರಟ್ಟು ತಗೊಳ್ಳಿ. ಎಲ್ಲದಕ್ಕೂ ಬಾಕ್ಸು, ಗ್ಲೂ ಗನ್ನು. ಗ್ಲೂ ಗನ್ನಿನ ನೂಲು ಗಾಡಿ ತುಂಬ ಜೇಡರ ಬಲೆ.

ಚಿಂತಾಮಣಿ_ಬಸ್‌ಪ್ರಿಯ
ಗ್ಲೂ ಗನ್ ಇಲ್ಲದೆ ನನ್ನ ಬಸ್ಸಿಲ್ಲ. ಫೆವಿಕಾಲ್ ಒಣಗೋವರೆಗೂ ಬಸ್ಸನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರಬೇಕಾ? ಹಾಗೇ ಹೇಳ್ತೇನೆ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮ್ಮ ಜಿಲ್ಲೆ. ಎಂಜಿನಿಯರಿಂಗ್ ವಿಷಯಕ್ಕೆ ನಮ್ಮ ಮಾತು ಕೇಳಬೇಕು 😄

ನಿರ್ವಾಹಕ
ಬಸ್, ಬುಲ್ಡೋಜರ್, ಗ್ಲೂ ಗನ್ ಚರ್ಚೆಗೆ "ನಿಮ್ಮ ಗಾಡಿ ತೋರಿಸಿ" ಎಳೆ ಇದೆ. ಅಲ್ಲಿಗೆ ಹೋಗಿ. ಇಲ್ಲಿ ತುಮಕೂರಿನವರ 800 ಮಾತ್ರ.

ರಟ್ಟಿನ_ರಥ
ಪರೀಕ್ಷೆ ಮಾಡಿದೆ ಮೇಡಂ. ಹಿಂದಿನ ಬಲ ಚಕ್ರ, ಮುಂದಿನ ಎಡ ಚಕ್ರ: ಕಾಗದ ಹಿಡಿದುಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಮುಂದಿನ ಬಲ: ಸ್ವಲ್ಪ ಹಿಡಿತ. ಹಿಂದಿನ ಎಡ: ಕಾಗದ ಹಾಗೇ ಜಾರಿ ಬರುತ್ತದೆ. ಎರಡು ಹಾಳೆ ಮಡಿಸಿ ಹಾಕಿದರೂ ಬರುತ್ತದೆ!

ಬೈಂಡರ್_ಶಿರಾ
ಸರಿ. ಹಿಂದಿನ ಎಡ ಚಕ್ರ ಗಾಳಿಯಲ್ಲಿ ತಿರುಗುತ್ತಿದೆ. ನೆಲ ಒದೆಯೋದು ಬಲ ಚಕ್ರ ಒಂದೇ. ಬಲಗಡೆ ಮಾತ್ರ ತಳ್ಳಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಕೈಯಲ್ಲಿ ತಳ್ಳಿದಾಗಲೂ ಭಾರ ಎರಡೇ ಚಕ್ರದ ಮೇಲೆ ಬೀಳೋದರಿಂದ ಗಾಡಿ ನೆಟ್ಟಗೆ ಹೋಗಲ್ಲ.

ಸಮಯ ಇದ್ದರೆ ಅಡಿ ಹೊಸದಾಗಿ ಮಾಡಿ. ಮೂರು ಪದರದ ರಟ್ಟು ಎರಡು ತುಂಡು, ಒಂದರ ಅಲೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಫೆವಿಕಾಲ್ ತೆಳ್ಳಗೆ, ಬ್ರಷ್ಷಲ್ಲಿ ಅಲ್ಲ, ಹಳೆ ಎಟಿಎಂ ಕಾರ್ಡಲ್ಲಿ ಎಳೆಯಿರಿ. ಮೇಲೆ ಸಮನಾದ ಹಲಗೆ, ಹಲಗೆ ಮೇಲೆ ಭಾರ, ಒಂದು ರಾತ್ರಿ ಬಿಡಿ. ಭಾರ ಅಂತ ರುಬ್ಬುಗುಂಡು ಇಡಬೇಡಿ, ಅಲೆ ಅಪ್ಪಚ್ಚಿಯಾದರೆ ರಟ್ಟಿನ ಬಲ ಹೋಯಿತು. ಬಣ್ಣ ಹೊಡೆದರೆ ಎರಡೂ ಮುಖಕ್ಕೆ ಹೊಡೆಯಿರಿ. ಅಥವಾ ಮೊದಲು ವಾರ್ನಿಷ್ ಒಂದು ಕೋಟ್ ಕೊಡಿ, ಆಮೇಲೆ ನೀರು ಒಳಗೆ ಇಳಿಯಲ್ಲ.

ಸಮಯ ಇಲ್ಲದಿದ್ದರೆ ಬೈಂಡಿಂಗ್ ಅಂಗಡಿ ಉಪಾಯ. ಹಿಂದಿನ ಎಡಗಡೆ ರೀಫಿಲ್ಲು ಅಡಿಗೆ ಅಂಟಿರುವ ಜಾಗ ಇದೆಯಲ್ಲ, ಅಲ್ಲಿ ಬ್ಲೇಡಲ್ಲಿ ಬಿಡಿಸಿ ಮದುವೆ ಕಾಗದದ ದಪ್ಪ ಪಟ್ಟಿ ಒಂದೊಂದೇ ತೂರಿಸುತ್ತಾ ಹೋಗಿ. ಪ್ರತಿ ಸಲ ಗಾಜಿನ ಮೇಲಿಟ್ಟು ನೋಡಿ. ನಾಲ್ಕೂ ಚಕ್ರ ಕಾಗದ ಹಿಡಿದರೆ ನಿಲ್ಲಿಸಿ, ಅಂಟಿಸಿ.

ಮೋಟರ್_ಮಾಲೂರು
ಮೇಡಂ ಹೇಳೋದು ಒಂದು ಮಟ್ಟಿಗೆ ಸರಿ. ಆದರೆ ಬ್ಯಾಂಡಿನ ಎಳೆತಕ್ಕೂ ರಟ್ಟು ತಿರುಚಬಹುದು. ನಾನು ಬ್ಯಾಂಡ್ ವಿಷಯ ಬಿಡಲ್ಲ.

ಬೈಂಡರ್_ಶಿರಾ
ಬಿಡಬೇಡಿ.

ರಟ್ಟಿನ_ರಥ
ಮದುವೆ ಕಾಗದಕ್ಕೇನು ಬರ, ಮನೆಯಲ್ಲಿ ರಾಶಿ ಇದೆ. ಚಿನ್ನದ ಬಣ್ಣದ ಒಂದು ದಪ್ಪ ಕಾರ್ಡು ಕತ್ತರಿಸಿ ಹಾಕಿದೆ. ಈಗ ನಾಲ್ಕೂ ಚಕ್ರ ಹಿಡಿಯುತ್ತಿವೆ. ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಹೋಯಿತು. ಕೊನೆಯಲ್ಲಿ ಒಂದು ಗೇಣು ಎಡಕ್ಕೆ ಸರಿಯಿತು, ಅಷ್ಟು ನಡೆಯುತ್ತದೆ. ಹೊಸ ಅಡಿ ಮಾಡೋಕೆ ಟೈಮ್ ಇಲ್ಲ. ತುಂಬಾ ಥ್ಯಾಂಕ್ಸ್ ಮೇಡಂ.

ಬೈಂಡರ್_ಶಿರಾ
ಒಂದು ಎಚ್ಚರಿಕೆ ಸರ್. ತುಮಕೂರಲ್ಲಿ ಈಗ ಸಂಜೆಯಾದರೆ ಮಳೆ. ಗಾಳಿಯ ತೇವಕ್ಕೂ ರಟ್ಟು ಅಲ್ಲಾಡುತ್ತದೆ. ಶಾಲೆಗೆ ಒಯ್ಯುವಾಗ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ. ಅಲ್ಲಿ ಹೋದ ಮೇಲೆ ಇನ್ನೊಮ್ಮೆ ಕಾಗದದ ಪರೀಕ್ಷೆ ಮಾಡಿ. ಒಂದೆರಡು ಪಟ್ಟಿ ಜೇಬಲ್ಲಿರಲಿ.

ಮೋಟರ್_ಮಾಲೂರು
ಕೊನೆಯಲ್ಲಿ ಒಂದು ಗೇಣು ಎಡಕ್ಕೆ ಅಂದಿರಲ್ಲ, ಅದು ಬ್ಯಾಂಡ್.

ಸ್ಕೇಲ್_ಸರಿಯಿರಲಿ (ಗುಬ್ಬಿ)
ಅಥವಾ ಚಕ್ರದ ಸೈಜು.

ಹೊಸಬ_ಶಿಡ್ಲಘಟ್ಟ
ನಮಸ್ತೆ, ಇವತ್ತೇ ಸೇರಿದ್ದು. ಮೇಲೆ ಚಿಂತಾಮಣಿ ಅಣ್ಣ ಹಾಕಿದ ಕೆಂಪು ಬಸ್ಸಿನ ನಕ್ಷೆ ಪಿಡಿಎಫ್ ಇದೆಯಾ? ಎ4 ಹಾಳೆಯಲ್ಲಿ ಪ್ರಿಂಟ್ ಆಗುತ್ತಾ?

ಚಿಂತಾಮಣಿ_ಬಸ್‌ಪ್ರಿಯ
ಇದೆ ತಮ್ಮ. ನಿರ್ವಾಹಕರು ಬೈತಾರೆ, ಆ ಕಡೆ ಎಳೆಗೆ ಬಾ.