ಹಾಕಿದ ದಿನವೇ ಗಿಡ ಕೆಂಪಾಯ್ತು, ಹೇಗೆ?

ಪ್ರಶ್ನೆ (ಕಾರವಾರ): ನಮಸ್ಕಾರ ಸರ್. ಎರಡು ಅಡಿಯ ಮೀನಿನ ಟ್ಯಾಂಕ್, 6500 ಕೆಲ್ವಿನ್ ಬಿಳಿ ಎಲ್‌ಇಡಿ. ನಾಲ್ಕು ತಿಂಗಳಾದರೂ ರೋಟಾಲಾ (ಕೆಂಪಾಗುವ ನೀರುಗಿಡ) ಹಸಿರಾಗೇ ಇತ್ತು, ತುದಿ ಮಾತ್ರ ಸ್ವಲ್ಪ ಗುಲಾಬಿ. ಅಂಗಡಿಯವರ ಮಾತು ಕೇಳಿ ಕೆಂಪು-ನೀಲಿ ಗ್ರೋ ಲೈಟ್ ತಂದೆ. ಹಾಕಿದ ದಿನವೇ ತುದಿ ಕೆಂಪಗೆ ಹೊಳೆಯಿತು! ಆದರೆ ಮೀನು, ಮರಳು ಎಲ್ಲ ನೇರಳೆ. ಮನೆಯವಳು "ಇದೇನು, ಯಕ್ಷಗಾನದ ರಂಗಸ್ಥಳವಾ?" ಅಂತಾಳೆ. ಇದನ್ನೇ ಇಟ್ಟುಕೊಳ್ಳಲಾ?

ಉತ್ತರ: ಹಾಕಿದ ದಿನವೇ ಕೆಂಪಾಯ್ತು ಅಂದ್ರಲ್ಲ, ಗುಟ್ಟು ಅಲ್ಲೇ ಇದೆ. ಗಿಡಕ್ಕೆ ನಿಜವಾಗಿ ಬಣ್ಣ ಬರೋದು ಹೊಸ ಎಲೆ ಬಂದ ಹಾಗೆ, ನಿಧಾನಕ್ಕೆ. ಒಂದು ಕಡ್ಡಿ ಕಿತ್ತು ಜಗಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ನೋಡ್ತಾರಲ್ಲ, ಹಾಗೆ. ಆ ಲೈಟಿನಲ್ಲಿ ಹಸಿರು ಬೆಳಕೇ ಇಲ್ಲ. ಹಾಗಾಗಿ ಹಸಿರು ಎಲೆ ಕಪ್ಪಗೆ ಕಾಣುತ್ತದೆ, ಇದ್ದ ಚೂರು ಗುಲಾಬಿ ಎದ್ದು ಕಾಣುತ್ತದೆ.

ಪತ್ರಹರಿತ್ತು ನೀಲಿ, ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ ಅನ್ನೋದು ನಿಜ. ಆದರೆ ಹಸಿರು ಬೆಳಕನ್ನೂ ಎಲೆ ಬಳಸಿಕೊಳ್ಳುತ್ತದೆ. ಬಿಳಿ ಎಲ್‌ಇಡಿ ಒಳಗಿರೋದೂ ನೀಲಿ ದೀಪವೇ, ಮೇಲೆ ಹಳದಿ ಫಾಸ್ಫರ್ ಲೇಪ ಅಷ್ಟೆ. ಬೆಳವಣಿಗೆಗೆ ನಿಮ್ಮ ಹಳೇ ಲೈಟ್ ಸಾಕಿತ್ತು.

ಕೆಂಪಿಗೆ ಕಾರಣ ಎಲೆಯೊಳಗಿನ ಆಂಥೋಸಯನಿನ್ ಅನ್ನೋ ಬಣ್ಣದ ವಸ್ತು. ಜೋರು ಬೆಳಕಿಗೆ ಗಿಡ ಹಿಡಿದ ಕೊಡೆ ಅನ್ನಿ. ಮಾವಿನ ಚಿಗುರು ತಾಮ್ರದ ಬಣ್ಣ ಇರುತ್ತದಲ್ವಾ, ಅದರಲ್ಲೂ ಇದೇ ಇರೋದು. ಆದ್ದರಿಂದ ಮೊದಲು ಬೇಕಾದದ್ದು ಬೆಳಕಿನ ಜೋರು, ಆಮೇಲೆ ಬಣ್ಣ. ತುದಿ ಗುಲಾಬಿ, ಬುಡ ಹಸಿರು ಅಂದರೆ ಕೆಳಗೆ ಬೆಳಕು ಸಾಲುತ್ತಿಲ್ಲ. ಗಿಡ ಕತ್ತರಿಸಿ ತೆಳುವಾಗಿಸಿ. ನೀರಿನಲ್ಲಿ ನೈಟ್ರೇಟ್ (ಗಿಡದ ಆಹಾರ) ಕಡಿಮೆ ಇದ್ದರೂ ರೋಟಾಲಾ ಕೆಂಪಾಗುತ್ತದೆ, ಆದರೆ ಸುಮ್ನೆ ಉಪವಾಸ ಕೆಡವಬೇಡಿ.

ಮರುಪ್ರಶ್ನೆ: ಹಾಗಾದರೆ ಬಿಳಿ ಲೈಟನ್ನೇ 12 ಗಂಟೆ ಉರಿಸಲಾ?

ಉತ್ತರ: ಬೇಡ ಮಾರಾಯ್ರೆ, ಪಾಚಿ ಸಾಕಿದ ಹಾಗಾಗುತ್ತದೆ! ಹೊತ್ತು ಜಾಸ್ತಿ ಮಾಡಿದರೆ ಜೋರು ಬರೋದಿಲ್ಲ. ಅಂಥದ್ದೇ ಇನ್ನೊಂದು ಬಿಳಿ ಲೈಟ್ ಸೇರಿಸಿ, ಟೈಮರ್ ಹಾಕಿ 7 ಗಂಟೆ ಉರಿಸಿ. ಪಾಚಿ ಕಂಡರೆ ಒಂದು ಗಂಟೆ ಇಳಿಸಿ.

ಇನ್ನೊಬ್ಬರು (ಶಿರಸಿ): ಗದ್ದೆ ಅಂಚಿನಿಂದ ತಂದ ಕೆಂಪು ರೋಟಾಲಾ ನಮ್ಮ ಟ್ಯಾಂಕಿನಲ್ಲಿ ಹಸಿರಾಗಿಬಿಟ್ಟಿತು ಸರ್.

ಉತ್ತರ: ಆಗದೇ ಇರುತ್ತದೆಯೇ? ಗದ್ದೆಯಲ್ಲಿ ನೆತ್ತಿ ಮೇಲೆ ಸೂರ್ಯ, ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಜೋರಿನ ಅಳತೆ). ನಿಮ್ಮ ಪಟ್ಟಿ ಲೈಟ್ ಅದರ ಹತ್ತಿರಕ್ಕೂ ಬರೋದಿಲ್ಲ. ಹಸಿರಾಗಿ ಬೆಳೆಯುತ್ತಿದ್ದರೆ ಗಿಡ ಚೆನ್ನಾಗಿಯೇ ಇದೆ, ಬಿಡಿ.